ಜೂಮ್ ಮಾಡಿದಾಗಲೇ ಗಿಂಬಲ್ ಮೂಗು ಬಗ್ಗಿಸುತ್ತಿದ್ದರೆ

ಚಿಂತಾಮಣಿಯ ಒಂದು ಕಲ್ಯಾಣ ಮಂಟಪ. ಪುರೋಹಿತರು ಕೈ ಎತ್ತಿ ‘ಗಟ್ಟಿಮೇಳ, ಗಟ್ಟಿಮೇಳ’ ಎಂದರು. ನಾದಸ್ವರ, ಡೋಲು ಒಮ್ಮೆಲೇ ಜೋರಾದವು. ನಾನು ಗಿಂಬಲ್ (ಮೂರು ಮೋಟಾರ್‌ಗಳಿಂದ ಕ್ಯಾಮೆರಾವನ್ನು ಅಲುಗದಂತೆ ಹಿಡಿದಿಡುವ ಹಿಡಿಕೆ) ಹಿಡಿದು 24 ಎಂಎಂನಲ್ಲಿ, ಅಂದರೆ ಲೆನ್ಸ್‌ನ ಅಗಲ ನೋಟದಲ್ಲಿ, ಇಡೀ ಮಂಟಪವನ್ನು ತೋರಿಸುತ್ತಾ ನಡೆದು ಬಂದಿದ್ದೆ. ತಾಳಿ ಕಟ್ಟುವ ಕೈಗಳು ಹತ್ತಿರ ಕಾಣಲಿ ಎಂದು ಜೂಮ್ ರಿಂಗನ್ನು 70ರ ಕಡೆಗೆ ತಿರುಗಿಸಿದೆ. ಕ್ಯಾಮೆರಾ ಮೆಲ್ಲಗೆ ತಲೆ ತಗ್ಗಿಸಿತು. ಮೋಟಾರ್ ಗುಂಯ್ ಎಂದಿತು, ಗಿಂಬಲ್‌ನ ಪುಟ್ಟ ಪರದೆಯಲ್ಲಿ ಎಚ್ಚರಿಕೆ ಮಿನುಗಿತು, ಮರುಕ್ಷಣ ಮೂರೂ ಮೋಟಾರ್‌ಗಳು ಕೈಚೆಲ್ಲಿದವು. ನನ್ನ ಪಾಲಿಗೆ ಸಿಕ್ಕಿದ್ದು ವರನ ಪಂಚೆಯ ಅಂಚು ಮತ್ತು ಅಕ್ಷತೆ ಚೆಲ್ಲಿದ ನೆಲ. ಟ್ರೈಪಾಡ್ ಮೇಲೆ ಇನ್ನೊಂದು ಕ್ಯಾಮೆರಾ ಓಡುತ್ತಿದ್ದುದರಿಂದ ಮಾನ ಉಳಿಯಿತು.

‘ಅಣ್ಣ, ಮೋಟಾರ್ ಹೋಗಿದೆ’ ಎಂದ ನನ್ನ ಸಹಾಯಕ. ನಾನೂ ನಂಬಿದೆ. ಬೆಂಗಳೂರಿನ ಒಂದು ರಿಪೇರಿ ಅಂಗಡಿಯವರೂ ಅದನ್ನೇ ನಂಬಿದರು, ಅಥವಾ ನಂಬಿದಂತೆ ನಟಿಸಿದರು. ಕ್ಯಾಮೆರಾವನ್ನು ಮೇಲೆ ಕೆಳಗೆ ಬಾಗಿಸುವ ಟಿಲ್ಟ್ ಮೋಟಾರ್ ಬದಲಾಯಿಸಿ, ಹತ್ತು ದಿನ ಇಟ್ಟುಕೊಂಡು, ದೊಡ್ಡ ಬಿಲ್ಲಿನ ಜೊತೆ ವಾಪಸು ಕೊಟ್ಟರು. ಮುಂದಿನ ಮದುವೆ ಶಿಡ್ಲಘಟ್ಟದಲ್ಲಿ. ಅದೇ ಲೆನ್ಸ್, ಅದೇ ಜೂಮ್, ಅದೇ ತಲೆ ತಗ್ಗಿಸುವಿಕೆ. ಆ ರಾತ್ರಿ ಚಿಕ್ಕಬಳ್ಳಾಪುರಕ್ಕೆ ಬಂದು, ಗಿಂಬಲ್ ಅನ್ನು ಮೇಜಿನ ಮೇಲಿಟ್ಟು, ಅದನ್ನು ಆರಿಸಿ, ಮೊದಲ ಬಾರಿಗೆ ಸುಮ್ಮನೆ ಜೂಮ್ ರಿಂಗ್ ತಿರುಗಿಸಿ ನೋಡಿದೆ. ವಿದ್ಯುತ್ ಇಲ್ಲದ ಗಿಂಬಲ್‌ನಲ್ಲಿಯೂ ಕ್ಯಾಮೆರಾ ಮೂಗು ಬಗ್ಗಿಸಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮಲ್ಲಿ ಉಲ್ಟಾ, ನೆಲವೇ ಡೊಂಕಾಗಿತ್ತು, ನಾವು ಕುಣಿಯುವವಳ ಕಾಲು ಬದಲಾಯಿಸಿದ್ದೆವು.

ಆಮೇಲೆ ಜಿಲ್ಲೆಯ ಬೇರೆ ಛಾಯಾಗ್ರಾಹಕರು ‘ಕೆಟ್ಟಿದೆ’ ಎಂದು ತಂದ ಗಿಂಬಲ್‌ಗಳನ್ನೂ ನೋಡಿದ್ದೇನೆ. ಹೆಚ್ಚಿನವುಗಳಲ್ಲಿ ಯಂತ್ರಕ್ಕೆ ಏನೂ ಆಗಿರಲಿಲ್ಲ. ಅದರ ಮೇಲೆ ಕೂರಿಸಿದ ಜೂಮ್ ಲೆನ್ಸ್ ಆ ಕೆಲಸಕ್ಕೆ ಆರಿಸುವಂಥದ್ದಾಗಿರಲಿಲ್ಲ. ಹಾಗಾಗಿ ರಿಪೇರಿಗೆ ಕಳಿಸುವ ಮೊದಲು ಈ ಕ್ರಮದಲ್ಲಿ ಪರೀಕ್ಷಿಸಿ.

ಮೊದಲು ಗಿಂಬಲ್ ಆಫ್ ಮಾಡಿ

ಮೋಟಾರ್ ಓಡುತ್ತಿರುವಾಗ ಸಮತೋಲ ನೋಡಬಾರದು. ಮೋಟಾರ್ ತಪ್ಪನ್ನು ಮುಚ್ಚಿಡುತ್ತದೆ. ತೂಕದಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಬಲ ಹಾಕಿ ಹಿಡಿದುಕೊಳ್ಳುತ್ತದೆ; ಬ್ಯಾಟರಿ ಬೇಗ ಇಳಿಯುತ್ತದೆ, ಮೋಟಾರ್ ಬಿಸಿಯಾಗುತ್ತದೆ, ಅರ್ಧ ಗಂಟೆಯ ನಂತರ ನಿಜ ಹೊರಬೀಳುತ್ತದೆ, ಅದೂ ಮುಹೂರ್ತದ ಹೊತ್ತಿಗೆ.

ಚಿತ್ರೀಕರಣದಲ್ಲಿ ಏನೇನು ಇರುತ್ತದೋ ಅದೆಲ್ಲವನ್ನೂ ಹಾಕಿ: ಬ್ಯಾಟರಿ, ಕಾರ್ಡ್, ಫಿಲ್ಟರ್, ಮೈಕ್, ತೆರೆದಿಟ್ಟ ಪರದೆ. ಲೆನ್ಸ್‌ನ ಮುಚ್ಚಳ ತೆಗೆದಿರಲಿ. ಮುಚ್ಚಳ ಹಾಕಿಕೊಂಡೇ ಸಮತೋಲ ಮಾಡಿ, ಆಮೇಲೆ ಅದನ್ನು ತೆಗೆದು ಚಿತ್ರೀಕರಿಸುವವರು ಅನೇಕರು. ಅದು ಹಗುರವಾದದ್ದು, ನಿಜ, ಆದರೆ ಇರುವುದು ಲೆನ್ಸ್‌ನ ತುತ್ತತುದಿಯಲ್ಲಿ. ಏತದ ಮರದಲ್ಲಿ ನೀರೆತ್ತುತ್ತಿದ್ದ ಹಿರಿಯರನ್ನು ಕೇಳಿದರೆ ತುದಿಯ ತೂಕ ಎಂದರೆ ಏನೆಂದು ಹೇಳುತ್ತಾರೆ.

ಈಗ ಟಿಲ್ಟ್ ಅಕ್ಷದ ಬೀಗ ಮಾತ್ರ ತೆಗೆದು, ಲೆನ್ಸನ್ನು ಅತ್ಯಂತ ವೈಡ್‌ನಲ್ಲಿಟ್ಟು (ಅಗಲ ನೋಟದ ತುದಿ), ಕ್ಯಾಮೆರಾ ನೇರ ಮುಂದಕ್ಕೆ ನೋಡುತ್ತಾ ನಿಲ್ಲುವಂತೆ ಅದು ಕೂತಿರುವ ಪ್ಲೇಟನ್ನು ಹಿಂದೆ ಮುಂದೆ ಸರಿಸಿ. ನಂತರ ಲೆನ್ಸ್ ಆಕಾಶ ನೋಡುವಂತೆ ತಿರುಗಿಸಿ. ಆಗಲೂ ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಎತ್ತರ ಸರಿಯಿಲ್ಲ. ಇದಾದ ಮೇಲೆ ರೋಲ್ (ಪಕ್ಕಕ್ಕೆ ಓರೆಯಾಗುವ ಅಕ್ಷ), ಕೊನೆಗೆ ಪ್ಯಾನ್ (ಎಡಬಲಕ್ಕೆ ತಿರುಗುವ ಅಕ್ಷ). ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಯಾರೂ ಮಾಡದಿರುವುದು ಮುಂದಿನ ಹೆಜ್ಜೆ: ಗಿಂಬಲ್ ಆರಿಸಿರುವಾಗಲೇ ಜೂಮ್ ರಿಂಗನ್ನು ನಿಧಾನವಾಗಿ ಟೆಲಿ ತುದಿಯ (ದೂರದ್ದನ್ನು ಹತ್ತಿರ ತೋರಿಸುವ ತುದಿ) ತನಕ ತಿರುಗಿಸಿ, ಕೈ ಬಿಡಿ.

ಕ್ಯಾಮೆರಾ ಇದ್ದಲ್ಲೇ ಇದ್ದರೆ ನಿಮ್ಮ ಲೆನ್ಸ್ ನಿರಪರಾಧಿ, ಮುಂದಿನ ಪರೀಕ್ಷೆಗಳಿಗೆ ಹೋಗಿ. ಮೂಗು ಬಿದ್ದರೆ ದೋಷ ಸಿಕ್ಕಿತು.

ಮೂಗು ಬೀಳುವುದು ಏಕೆ

ಸಾಮಾನ್ಯ ಜೂಮ್ ಲೆನ್ಸ್‌ಗಳಲ್ಲಿ ಜೂಮ್ ಮಾಡಿದಾಗ ಮುಂಭಾಗದ ನಳಿಗೆ ಹೊರಗೆ ಚಾಚುತ್ತದೆ. ಆ ನಳಿಗೆಯಲ್ಲೇ ದೊಡ್ಡ, ಭಾರವಾದ ಗಾಜುಗಳಿರುತ್ತವೆ. ಲೆಕ್ಕಕ್ಕೆ ಹಿಡಿಯೋಣ: ಕ್ಯಾಮೆರಾ, ಲೆನ್ಸ್ ಸೇರಿ 1,600 ಗ್ರಾಂ; ಅದರಲ್ಲಿ 300 ಗ್ರಾಂನಷ್ಟು ಭಾಗ 30 ಮಿಲಿಮೀಟರ್ ಮುಂದಕ್ಕೆ ಹೋಯಿತು. ಒಟ್ಟು ಗುರುತ್ವ ಕೇಂದ್ರ ಸುಮಾರು ಐದೂವರೆ ಮಿಲಿಮೀಟರ್ ಮುಂದೆ ಸರಿಯುತ್ತದೆ. ಪ್ಲೇಟನ್ನು ಒಂದು ಮಿಲಿಮೀಟರ್ ಸರಿಸಿದರೇ ಕ್ಯಾಮೆರಾ ವಾಲುವುದನ್ನು ನೋಡಿದವರಿಗೆ ಐದೂವರೆ ಎಂದರೆ ಎಷ್ಟು ಎಂದು ಹೇಳಬೇಕಾಗಿಲ್ಲ. ಹೂವಿನ ಮಾರುಕಟ್ಟೆಯಲ್ಲಿ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತ ಮೇಲೆ ಯಾರಾದರೂ ಬೆರಳಿನಿಂದ ಒಂದು ತಟ್ಟೆಯನ್ನು ಒತ್ತಿದ ಹಾಗೆ. ಮೋಟಾರ್ ಆ ಬೆರಳಿನ ವಿರುದ್ಧ ಗಂಟೆಗಟ್ಟಲೆ ಹೋರಾಡುತ್ತಿರುತ್ತದೆ.

‘ನನ್ನ ಗಿಂಬಲ್ ನಾಲ್ಕೂವರೆ ಕಿಲೋ ಹೊರುತ್ತದೆ, ನನ್ನದು ಎರಡು ಕಿಲೋವೂ ಇಲ್ಲ’ ಎನ್ನುವವರಿಗೆ ಒಂದು ಮಾತು. ಪೆಟ್ಟಿಗೆಯ ಮೇಲೆ ಬರೆದಿರುವ ಆ ಅಂಕಿ ಸಮತೋಲದಲ್ಲಿರುವ ತೂಕಕ್ಕೆ. ಮೋಟಾರ್ ಎದುರಿಸಬೇಕಾಗಿರುವುದು ತೂಕವನ್ನಲ್ಲ, ತೂಕ ಅಕ್ಷದಿಂದ ಎಷ್ಟು ದೂರ ಸರಿದಿದೆ ಎಂಬುದನ್ನು.

ಎಲ್ಲ ಲೆನ್ಸ್‌ಗಳೂ ಟೆಲಿಗೆ ಹೋದಾಗಲೇ ಉದ್ದವಾಗುತ್ತವೆ ಎಂದುಕೊಳ್ಳಬೇಡಿ. ಕ್ಯಾನನ್‌ನ ಮೊದಲ ಪೀಳಿಗೆಯ ಇಎಫ್ 24-70 ಎಫ್/2.8 ಲೆನ್ಸ್ 24ರಲ್ಲಿ ಅತಿ ಉದ್ದ, 70ರಲ್ಲಿ ಗಿಡ್ಡ. ಹಳೆಯ ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಎಂದು ತಂದವರು ಮೂಗು ಏಕೆ ವೈಡ್‌ನಲ್ಲಿ ಬೀಳುತ್ತದೆ ಎಂದು ತಲೆ ಕೆರೆದುಕೊಳ್ಳುವುದು ಇದರಿಂದಲೇ. ಆದ್ದರಿಂದ ರಿಂಗನ್ನು ಎರಡೂ ದಿಕ್ಕಿಗೆ ಪೂರ್ತಿ ತಿರುಗಿಸಿ ನೋಡಿ.

ಇರುವ ಲೆನ್ಸ್‌ನಲ್ಲೇ ಕೆಲಸ ಸಾಗಿಸಬೇಕೆಂದರೆ ಒಂದು ತುದಿಯಲ್ಲಿ ಸಮತೋಲ ಮಾಡಬೇಡಿ, ನಡುವೆ ಮಾಡಿ. 24-70ರಲ್ಲಿ ನಾನು 40ರ ಹತ್ತಿರ ಮಾಡುತ್ತೇನೆ. ಆಗ ಎರಡೂ ಕಡೆಗೆ ಅರ್ಧರ್ಧ ತಪ್ಪು. ಮೋಟಾರ್ ಅಷ್ಟನ್ನು ಸಹಿಸುತ್ತದೆ. ಆ ಸ್ಥಿತಿಯಲ್ಲೇ ಮೋಟಾರ್‌ಗಳ ಸ್ವಯಂ ಹೊಂದಾಣಿಕೆಯನ್ನೂ ಮತ್ತೊಮ್ಮೆ ಓಡಿಸಬೇಕು. ಮದುವೆಗೆ ಇದು ಸಾಕು. ಕಿರುಚಿತ್ರದಲ್ಲಿ ಒಂದೇ ಶಾಟ್‌ನಲ್ಲಿ ಈ ತುದಿಯಿಂದ ಆ ತುದಿಗೆ ಜೂಮ್ ಬೇಕು ಎಂದು ನಿರ್ದೇಶಕರು ಹಟ ಹಿಡಿದರೆ ಇದು ಸಾಕಾಗುವುದಿಲ್ಲ, ಲೆನ್ಸ್ ಬದಲಾಯಿಸಲೇಬೇಕು.

ಇನ್ನೊಂದು ತೊಡಕು ಉದ್ದ ಲೆನ್ಸ್‌ಗಳದ್ದು. ಮುಂಭಾಗ ಭಾರವೆಂದು ಕ್ಯಾಮೆರಾವನ್ನು ಹಿಂದೆ ಹಿಂದೆ ಸರಿಸುತ್ತಾ ಹೋದರೆ, ಮೇಲಕ್ಕೆ ನೋಡುವಾಗ ಅದರ ಬೆನ್ನು ರೋಲ್ ಮೋಟಾರ್‌ಗೆ ಬಡಿಯುತ್ತದೆ. ಗೋಪುರ ತೋರಿಸಲು ಹೋದಾಗ ಟಕ್ ಎಂಬ ಸದ್ದು ಬಂದು ಚಿತ್ರ ಕುಲುಕಿದರೆ ಕಾರಣ ಅದು. ಹಿಂಬದಿಗೆ ಪ್ರತಿತೂಕದ ಬಿಲ್ಲೆ ಹಾಕಿ ಕ್ಯಾಮೆರಾವನ್ನು ಮುಂದಕ್ಕೆ ತರಬೇಕು. ಒಟ್ಟು ತೂಕ ಹೆಚ್ಚುತ್ತದೆ, ಕೈ ನೋಯುತ್ತದೆ, ಆದರೆ ಗಿಂಬಲ್ ನೆಮ್ಮದಿಯಾಗಿರುತ್ತದೆ.

ಜೂಮ್ ಮಾಡುವಾಗ ಮಾತ್ರ ಚಿತ್ರ ಓರೆಯಾಗುವುದು

ಸಮತೋಲ ಸರಿಯಿದೆ, ಆದರೂ ರಿಂಗ್ ಮುಟ್ಟಿದೊಡನೆ ಕ್ಷಿತಿಜ ವಾಲುತ್ತದೆ, ಕೈ ಬಿಟ್ಟರೆ ಸರಿಹೋಗುತ್ತದೆ. ಇದಕ್ಕೂ ಮೋಟಾರ್ ಹೊಣೆಯಲ್ಲ. ಜೂಮ್ ರಿಂಗ್ ತಿರುಗುವುದು ಲೆನ್ಸ್‌ನ ನಡು ಅಕ್ಷದ ಸುತ್ತ. ಗಿಂಬಲ್‌ನ ರೋಲ್ ಅಕ್ಷವೂ ಹೆಚ್ಚುಕಡಿಮೆ ಅದೇ. ನೀವು ರಿಂಗ್ ತಿರುಗಿಸುತ್ತಿದ್ದೀರಿ ಎಂದುಕೊಂಡಿರುತ್ತೀರಿ, ಗಿಂಬಲ್‌ಗೆ ಮಾತ್ರ ಯಾರೋ ಇಡೀ ಕ್ಯಾಮೆರಾವನ್ನು ಓರೆ ಮಾಡುತ್ತಿದ್ದಾರೆ ಎಂದೇ ಅನ್ನಿಸುತ್ತದೆ. ರಿಂಗ್ ಬಿಗಿಯಾಗಿದ್ದಷ್ಟೂ ಜಗಳ ಹೆಚ್ಚು.

ಇದರ ಪರಿಹಾರ ಕೈಚಳಕದಿಂದ ಆಗುವುದಿಲ್ಲ. ನಾನು ಬಹಳ ದಿನ ಪ್ರಯತ್ನಿಸಿದ್ದೇನೆ. ಕ್ಯಾಮೆರಾ ಕೆಳಗಿನ ರಾಡ್ ಮೇಲೆ ಕೂರುವ ಫೋಕಸ್ ಮೋಟಾರನ್ನು ಜೂಮ್ ರಿಂಗಿಗೆ ಹಲ್ಲುಪಟ್ಟಿಯ ಮೂಲಕ ಜೋಡಿಸಿ ಹಿಡಿಕೆಯಿಂದಲೇ ನಡೆಸಬೇಕು, ಇಲ್ಲವೇ ವಿದ್ಯುತ್ ಜೂಮ್ ಇರುವ ಲೆನ್ಸ್ ಹಾಕಬೇಕು. ಫೋಕಸ್ ಮೋಟಾರ್ ಕೂರಿಸಿದ ಮೇಲೆ ಸಮತೋಲವನ್ನು ಮೊದಲಿನಿಂದ ಮಾಡಿ. ಅದರ ತಂತಿ ಸಡಿಲವಾಗಿರಲಿ. ಮಾನಿಟರ್‌ಗೆ ಹೋಗುವ ದಪ್ಪ ಎಚ್‌ಡಿಎಂಐ ತಂತಿಯೂ ಅಷ್ಟೇ: ಬಿಗಿಯಾಗಿದ್ದರೆ ಅದೊಂದು ಸ್ಪ್ರಿಂಗಿನ ಹಾಗೆ ಕ್ಯಾಮೆರಾವನ್ನು ಒಂದು ಕಡೆಗೆ ಎಳೆಯುತ್ತಲೇ ಇರುತ್ತದೆ. ಪ್ಯಾನ್ ತನ್ನಷ್ಟಕ್ಕೆ ತೆವಳುತ್ತಿದೆ ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಆ ತಂತಿಯನ್ನು.

ಸಮತೋಲವಿದ್ದೂ ನಡುಗಿದರೆ

ಇಲ್ಲಿ ಎರಡು ಮೂರು ಬೇರೆ ಬೇರೆ ನಡುಕಗಳು ಒಂದೇ ಹೆಸರಿನಲ್ಲಿ ಓಡಾಡುತ್ತವೆ. ಮೊದಲು ನಿಂತಲ್ಲೇ ನಿಂತು ಹತ್ತು ಸೆಕೆಂಡ್ ಚಿತ್ರೀಕರಿಸಿ. ನಡುಕ ಮಾಯವಾದರೆ ದೋಷ ನಿಮ್ಮ ಹೆಜ್ಜೆಯಲ್ಲಿದೆ. ಮೂರು ಅಕ್ಷದ ಗಿಂಬಲ್ ತಿರುಗುವಿಕೆಯನ್ನು ಮಾತ್ರ ಸರಿಪಡಿಸುತ್ತದೆ, ಹೆಜ್ಜೆ ಹೆಜ್ಜೆಗೂ ಆಗುವ ಏರಿಳಿತವನ್ನಲ್ಲ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿಯ ಮೆಟ್ಟಿಲನ್ನು ಇಳಿದಿಳಿದು ನಾನು ಇದನ್ನು ಕಲಿತೆ. (ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಚಿತ್ರೀಕರಣಕ್ಕೆ ಮೊದಲೇ ಅನುಮತಿ ಪಡೆದು ಹೋಗಿ.) ಮೊಣಕಾಲು ಮಡಿಸಿ, ಹಿಮ್ಮಡಿ ಮೊದಲು ಊರಿ ನಡೆಯುವುದು ಅಭ್ಯಾಸದ ಮಾತು, ಲೆನ್ಸ್‌ನದ್ದಲ್ಲ.

ನಿಂತರೂ ನಡುಕ ಇದ್ದು, ವೈಡ್‌ನಲ್ಲಿ ಕಾಣದೆ ಟೆಲಿಯಲ್ಲಿ ಮಾತ್ರ ಕಾಣುತ್ತಿದ್ದರೆ, ಅದು ಬಹುಪಾಲು ಬರೀ ಗಣಿತ. ಫುಲ್ ಫ್ರೇಮ್ (ಸುಮಾರು 36 ಎಂಎಂ ಅಗಲದ) ಸೆನ್ಸರ್‌ನಲ್ಲಿ 3,840 ಪಿಕ್ಸೆಲ್ ಅಗಲದ 4ಕೆ ಚಿತ್ರ ಎಂದುಕೊಳ್ಳಿ. ಗಿಂಬಲ್ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ತಪ್ಪಿದರೆ 24 ಎಂಎಂನಲ್ಲಿ ಚಿತ್ರ ನಾಲ್ಕೈದು ಪಿಕ್ಸೆಲ್ ಜರುಗುತ್ತದೆ. ಅದೇ ತಪ್ಪಿಗೆ 70ರಲ್ಲಿ 13 ಪಿಕ್ಸೆಲ್, 200ರಲ್ಲಿ 37 ಪಿಕ್ಸೆಲ್. ಗಿಂಬಲ್ ಬದಲಾಗಿಲ್ಲ, ಭೂತಗನ್ನಡಿ ದೊಡ್ಡದಾಗಿದೆ ಅಷ್ಟೇ. ನನ್ನ ಅನುಭವದಲ್ಲಿ ಕೈಯಲ್ಲಿ ಹಿಡಿದು ನಡೆಯುವ ಗಿಂಬಲ್‌ಗೆ 50ರಿಂದ ಆಚೆ ಮರ್ಯಾದೆ ಕಡಿಮೆಯಾಗುತ್ತಾ ಹೋಗುತ್ತದೆ. 135ರಲ್ಲಿ ನಡೆಯುತ್ತಾ ತೆಗೆದದ್ದನ್ನು ಯಾರಾದರೂ ತೋರಿಸಿದರೆ ಅದು ಎಡಿಟಿಂಗ್‌ನಲ್ಲಿ ಇಸ್ತ್ರಿ ಮಾಡಿದ್ದೇ ಎಂದು ನಾನು ಅನುಮಾನಿಸುತ್ತೇನೆ.

ಚಿತ್ರ ಜೆಲ್ಲಿಯಂತೆ ಅದುರುತ್ತಿದ್ದರೆ ಅಂಗೈಯನ್ನು ಹಿಡಿಕೆಯ ಮೇಲಿಡಿ. ಸಣ್ಣ ಜುಂಯ್ ಕೈಗೆ ತಾಗುತ್ತಿದ್ದರೆ ಮೋಟಾರ್‌ನ ಬಲವನ್ನು ಅಗತ್ಯಕ್ಕಿಂತ ಹೆಚ್ಚು ಇಟ್ಟಿದ್ದೀರಿ, ಇಳಿಸಿ. ಬಲ ಇಳಿಸಿದರೂ ಹೋಗದಿದ್ದರೆ ಲೆನ್ಸ್‌ನ ಮುಂಭಾಗವನ್ನು ಎರಡು ಬೆರಳಲ್ಲಿ ಹಿಡಿದು ಮೆತ್ತಗೆ ಅಲುಗಿಸಿ. ಚಾಚಿಕೊಂಡ ನಳಿಗೆ ಹಳೆಯ ಲೆನ್ಸ್‌ಗಳಲ್ಲಿ ಸಡಿಲವಾಗಿರುತ್ತದೆ. ಬೇರೆ ಕಂಪನಿಯ ಲೆನ್ಸ್ ಕೂರಿಸುವ ಅಡಾಪ್ಟರ್ ಉಂಗುರ ಇದ್ದರೆ ಅದರ ಬಾಯಲ್ಲೂ ಆಟ ಇರುತ್ತದೆ. ಆ ಆಟವನ್ನು ಗಿಂಬಲ್ ತಿಳಿಯಲಾರದು. ರಾಡ್ ಮೇಲೆ ಲೆನ್ಸ್‌ಗೆ ಒಂದು ಆಸರೆ ಕೊಟ್ಟರೆ ಅಡಾಪ್ಟರ್‌ನ ಆಟ ಅಡಗುತ್ತದೆ. ನಳಿಗೆಯೇ ಸಡಿಲವಾಗಿದ್ದರೆ ಆ ಲೆನ್ಸನ್ನು ಟ್ರೈಪಾಡಿಗೆ ಬಿಡಿ.

ವೈಡ್‌ನಲ್ಲಿ ಚಿತ್ರದ ನಡುಭಾಗ ಸ್ಥಿರವಾಗಿದ್ದು ಮೂಲೆಗಳು ಮಾತ್ರ ನೀರಿನಲ್ಲಿ ಕಂಡಂತೆ ತೇಲುತ್ತಿದ್ದರೆ ಕ್ಯಾಮೆರಾ ಒಳಗಿನ ಸೆನ್ಸರ್ ಕಂಪನ ತಡೆಯನ್ನು ಆರಿಸಿ. 16, 18 ಎಂಎಂನಂಥ ಅಗಲ ನೋಟದಲ್ಲಿ ಇದು ಎದ್ದು ಕಾಣುತ್ತದೆ. ಲೆನ್ಸ್‌ನ ಕಂಪನ ತಡೆಯನ್ನೂ ಆರಿಸಿ ನೋಡಿ. ಪ್ಯಾನ್ ಶುರುವಾಗುವಾಗ ಚಿತ್ರ ಒಂದು ಕ್ಷಣ ತಡೆದು ಆಮೇಲೆ ಜಿಗಿದರೆ, ಎರಡು ಯಂತ್ರಗಳು ಒಂದೇ ಚಲನೆಗೆ ಬೇರೆ ಬೇರೆ ಉತ್ತರ ಕೊಡುತ್ತಿವೆ ಎಂದರ್ಥ. ಕ್ಯಾಮೆರಾ ಜೊತೆ ಮಾತಾಡದ ಹಳೆಯ ಮ್ಯಾನ್ಯುಯಲ್ ಜೂಮ್ ಇದ್ದರೆ ಇನ್ನೂ ಪಜೀತಿ: ಸೆನ್ಸರ್ ಕಂಪನ ತಡೆಗೆ ಎಷ್ಟು ಎಂಎಂ ಎಂದು ನಾವೇ ಹೇಳಬೇಕು, ಜೂಮ್ ಮಾಡಿದೊಡನೆ ಆ ಅಂಕಿ ಸುಳ್ಳಾಗುತ್ತದೆ.

ಗಾಳಿಯನ್ನೂ ಮರೆಯಬೇಡಿ. 1,478 ಮೀಟರ್ ಎತ್ತರದ ನಂದಿ ಬೆಟ್ಟದ ಮೇಲೆ ಬೆಳಗಿನ ಜಾವ ಲೆನ್ಸ್ ಹುಡ್ (ಅಡ್ಡ ಬೆಳಕು ತಡೆಯುವ ಮುಂದಿನ ಮರೆ) ಒಂದು ಹಾಯಿಯಂತೆ ಗಾಳಿ ಹಿಡಿಯುತ್ತದೆ. ಅಲ್ಲಿ ಹುಡ್ ತೆಗೆಯಿರಿ. ಅದಕ್ಕಿಂತ ದೊಡ್ಡ ಮರೆಯಾದ ಮ್ಯಾಟ್ ಬಾಕ್ಸ್ ಅಂತೂ ಮನೆಯಲ್ಲೇ ಇರಲಿ. ಹುಡ್ ತೆಗೆದ ಮೇಲೆ ಮತ್ತೆ ಸಮತೋಲ, ಬೇಸರಪಡದೆ.

ಫೋಕಸ್ ಕಳಚುವುದು

ಜೂಮ್ ಮಾಡಿದಾಗ ಚಿತ್ರ ಮಸುಕಾದರೆ ಆಟೋಫೋಕಸ್ ಆರಿಸಿ ಪರೀಕ್ಷಿಸಿ, ಇಲ್ಲದಿದ್ದರೆ ಯಾರು ತಪ್ಪಿದರು ಎಂದು ತಿಳಿಯುವುದಿಲ್ಲ. ಟೆಲಿ ತುದಿಯಲ್ಲಿ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಪೂರ್ತಿ ತೆರೆದು, ನಾಲ್ಕೈದು ಮೀಟರ್ ದೂರದ ಕ್ಯಾಲೆಂಡರಿನ ಅಕ್ಷರಕ್ಕೆ ಫೋಕಸ್ ಮಾಡಿ. ಈಗ ವೈಡ್‌ಗೆ ಬಂದು ಪರದೆಯಲ್ಲಿ ಚಿತ್ರ ಹಿಗ್ಗಿಸಿ ನೋಡಿ. ಸ್ಥಿರಚಿತ್ರಕ್ಕೆಂದು ಮಾಡಿದ ಬಹುತೇಕ ಜೂಮ್‌ಗಳಲ್ಲಿ ಅಕ್ಷರ ಸ್ವಲ್ಪವಾದರೂ ಮಸುಕಾಗುತ್ತದೆ. ಅದು ಲೆನ್ಸ್‌ನ ಕಾಯಿಲೆಯಲ್ಲ, ಹುಟ್ಟುಗುಣ. ಆಟೋಫೋಕಸ್ ಅದನ್ನು ಹಿಂದಿನಿಂದ ಸರಿಪಡಿಸಿಕೊಂಡು ಬರುತ್ತಿರುತ್ತದೆ.

ಆದರೆ ಜೂಮ್‌ನುದ್ದಕ್ಕೂ ಫೋಕಸ್ ಹಿಡಿದಿಡಬೇಕಾದ ಸಿನಿಮಾ ಲೆನ್ಸ್‌ನಲ್ಲೂ ಟೆಲಿ ಚೂಪಾಗಿದ್ದು ವೈಡ್ ಮಸುಕಾದರೆ ಅಡಾಪ್ಟರ್ ಮೇಲೆ ಅನುಮಾನ ಪಡಿ. ಕ್ಯಾನನ್ ಇಎಫ್ ಲೆನ್ಸ್ ಸೆನ್ಸರ್‌ನಿಂದ 44 ಮಿಲಿಮೀಟರ್ ದೂರ ಕೂರಬೇಕು, ಸೋನಿ ಇ ಮೌಂಟ್‌ನ (ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಾಯಿ) ದೂರ 18. ಆದ್ದರಿಂದ ನಡುವಿನ ಅಡಾಪ್ಟರ್ ಸರಿಯಾಗಿ 26 ಮಿಲಿಮೀಟರ್ ದಪ್ಪ ಇರಬೇಕು. ಅಗ್ಗದ ಅಡಾಪ್ಟರ್‌ಗಳಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ, ಆ ವ್ಯತ್ಯಾಸ ಮೊದಲು ಕಾಣುವುದು ವೈಡ್ ತುದಿಯಲ್ಲೇ. ಬೇರೆ ಅಡಾಪ್ಟರ್ ಹಾಕಿ ನೋಡದೆ ಲೆನ್ಸ್ ಬಿಚ್ಚಿಸಬೇಡಿ.

ಜೂಮ್ ಮಾಡಿದಾಗ ಚಿತ್ರ ಕಪ್ಪಾಗುತ್ತಾ ಹೋದರೆ ಲೆನ್ಸ್‌ನ ಮೇಲಿನ ಬರಹ ಓದಿ: ಎಫ್/3.5-5.6 ಎಂದಿದ್ದರೆ ಟೆಲಿಗೆ ಹೋದಂತೆ ಒಳಬರುವ ಬೆಳಕು ಕಡಿಮೆಯಾಗುತ್ತದೆ, ಅದು ಹಾಗೆಯೇ. ಮಂಟಪದ ಎಲ್‌ಇಡಿ ಸರಗಳ ಮೇಲೆ ಪಟ್ಟೆ ಓಡುವುದಕ್ಕೂ ಲೆನ್ಸ್‌ಗೂ ಸಂಬಂಧವಿಲ್ಲ. ಶಟರ್ 1/50 ಇಟ್ಟು ನೋಡಿ.

ಹಾಗಾದರೆ ಯಾವ ಜೂಮ್

ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಎಫ್ ಸಂಖ್ಯೆ (ಅದು ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು), ಆಮೇಲೆ ತೂಕ. ಗಿಂಬಲ್‌ಗೆ ಲೆನ್ಸ್ ಬೇಕಾದವರು ಮೊದಲು ಕೇಳಬೇಕಾದದ್ದು ಜೂಮ್ ಮಾಡಿದಾಗ ಉದ್ದ ಬದಲಾಗುತ್ತದೆಯೇ ಎಂದು. ತೂಕದ ಅಂಕಿ ಇಲ್ಲಿ ದಾರಿ ತಪ್ಪಿಸುತ್ತದೆ. ಟ್ಯಾಮ್ರಾನ್‌ನ ಮೊದಲ 70-180 ಎಫ್/2.8 ಲೆನ್ಸ್ 810 ಗ್ರಾಂ, ಸೋನಿಯ ಎರಡನೇ ಪೀಳಿಗೆಯ 70-200 ಎಫ್/2.8 ಲೆನ್ಸ್ 1,045 ಗ್ರಾಂ. ಕೈಯಲ್ಲಿ ಹಿಡಿದರೆ ಮೊದಲನೆಯದೇ ಹಿತ. ಗಿಂಬಲ್ ಮೇಲೆ ನಾನು ಎರಡನೆಯದನ್ನೇ ಆರಿಸುತ್ತೇನೆ, ಏಕೆಂದರೆ ಅದು ಚಾಚುವುದಿಲ್ಲ. ಗಾಜುಗಳು ಒಳಗೇ ಸರಿಯುತ್ತವೆ.

ಮದುವೆ, ಜಾತ್ರೆಗೆ ಅಗಲ ನೋಟವೇ ಹೆಚ್ಚು ಬೇಕು. ಸೋನಿ ಫುಲ್ ಫ್ರೇಮ್ ಇರುವವರಿಗೆ 2022ರಲ್ಲಿ ಬಂದ 16-35 ಎಫ್/4 ವಿದ್ಯುತ್ ಜೂಮ್ ನನ್ನ ಮೊದಲ ಸಲಹೆ: 353 ಗ್ರಾಂ, ಉದ್ದ ಬದಲಾಗದು, ರಿಂಗ್ ಮುಟ್ಟದೆಯೇ ಜೂಮ್ ಆಗುತ್ತದೆ. ಎಫ್/4 ಎಂದು ಮೂಗು ಮುರಿಯಬೇಡಿ. ಮಂಟಪಗಳಲ್ಲಿ ಈಗ ಬೆಳಕಿನ ಕೊರತೆಗಿಂತ ಬೆಳಕಿನ ಹಾವಳಿಯೇ ಹೆಚ್ಚು. ಟ್ಯಾಮ್ರಾನ್ 17-28 ಎಫ್/2.8 ಲೆನ್ಸ್ 420 ಗ್ರಾಂ, ಇದೂ ಚಾಚದು, ಆದರೆ ಜೂಮ್ ಮಾಡಲು ಕೈಯೇ ಗತಿ. ಚಿಕ್ಕ ಸೆನ್ಸರ್‌ನ ಕ್ಯಾಮೆರಾಗಳಿಗೆ 2013ರ ಸಿಗ್ಮಾ 18-35 ಎಫ್/1.8 ಇಂದಿಗೂ ಗಟ್ಟಿ. ಅದರ ತೂಕ 810 ಗ್ರಾಂ. ಜೂಮ್ ಮಾಡಿದರೂ ಫೋಕಸ್ ಮಾಡಿದರೂ ಉದ್ದ ಬದಲಾಗುವುದಿಲ್ಲ.

ಕಿರುಚಿತ್ರಕ್ಕೆ ಬಾಡಿಗೆಗೆ ತರುವುದಾದರೆ ಫ್ಯೂಜಿನಾನ್‌ನ ಎಂಕೆ 18-55 ಮತ್ತು 50-135, ಎರಡೂ ಟಿ2.9 (ಟಿ ಎಂದರೆ ಸಿನಿಮಾ ಲೆನ್ಸ್‌ಗಳ ಬೆಳಕಿನ ಅಳತೆ). ಜೂಮ್‌ನಲ್ಲಿ ಫೋಕಸ್ ಹಿಡಿದಿಡುವಂತೆ ಮಾಡಿದವು. ಎರಡೂ ಒಂದೇ ಅಳತೆ, ಒಂದೇ 980 ಗ್ರಾಂ. ಒಂದನ್ನು ತೆಗೆದು ಇನ್ನೊಂದು ಹಾಕಿದರೆ ಸಮತೋಲಕ್ಕೆ ಬೇಕಾಗುವುದು ಸಣ್ಣ ತಿದ್ದುಪಡಿ ಮಾತ್ರ. ಉದ್ದ ಹೆಚ್ಚು, ಆದ್ದರಿಂದ ಸಣ್ಣ ಗಿಂಬಲ್‌ಗೆ ಇವನ್ನು ಹೊರಿಸಬೇಡಿ.

ಬಾಡಿಗೆ ಅಂಗಡಿಗೆ ಹೋಗುವಾಗ ಕ್ಯಾಮೆರಾ ಮಾತ್ರವಲ್ಲ, ಗಿಂಬಲ್ ಅನ್ನೂ ಹೊತ್ತುಕೊಂಡು ಹೋಗಿ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇಟ್ಟು, ಆರಿಸಿ, ವೈಡ್‌ನಲ್ಲಿ ಸಮತೋಲ ಮಾಡಿ, ರಿಂಗ್ ತಿರುಗಿಸಿ. ಅಂಗಡಿಯವರು ಗಡಿಯಾರ ನೋಡುತ್ತಾರೆ, ನೋಡಲಿ. ಸರಿಹೊಂದಿದ ಜಾಗಕ್ಕೆ ಪ್ಲೇಟಿನ ಮೇಲೆ ಬಿಳಿ ಶಾಯಿಯ ಪೆನ್ನಿನಿಂದ ಗೆರೆ ಎಳೆದು ಪಕ್ಕದಲ್ಲಿ ಬರೆದುಕೊಳ್ಳಿ: ಯಾವ ಲೆನ್ಸ್, ಫಿಲ್ಟರ್ ಇತ್ತೇ, ಹುಡ್ ಇತ್ತೇ, ಎಷ್ಟು ಎಂಎಂನಲ್ಲಿ. ನನ್ನ ಪ್ಲೇಟಿನ ಮೇಲೆ ಈಗ ಏಳು ಗೆರೆಗಳಿವೆ. ಮುಹೂರ್ತದ ದಿನ ನಾನು ತಿಂಡಿಯ ಎಲೆಯ ಮುಂದೆ ಕೂತಿರುವಾಗಲೇ ಸಹಾಯಕ ಆ ಗೆರೆಗಳನ್ನು ನೋಡಿ ಗಿಂಬಲ್ ಸಿದ್ಧ ಮಾಡಿರುತ್ತಾನೆ.